ಇದು ಪಥ್ಯ ಅಲ್ಲ

"ಇದು ಯಾವ ಡಯಟ್?" ನಮ್ಮನೆಯಲ್ಲಿ ಊಟಕ್ಕೆ ಕೂತವರೆಲ್ಲ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಡಯಟ್ ಅಲ್ಲ, ವ್ರತವೂ ಅಲ್ಲ. ಭಾನುವಾರದ ಅಡುಗೆಯನ್ನು ಒಂದೇ ಸಸ್ಯ ಕುಟುಂಬದಿಂದ ಮಾಡುತ್ತೇನೆ, ಅಷ್ಟೇ. ಅಕ್ಕಿ, ಉಪ್ಪು, ಎಣ್ಣೆ, ತೆಂಗಿನಕಾಯಿ, ಮಜ್ಜಿಗೆ ಲೆಕ್ಕಕ್ಕಿಲ್ಲ. ಒಂದು ವಾರ ಬದನೆ, ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ. ಇನ್ನೊಂದು ವಾರ ಹೀರೆ, ಹಾಗಲ, ಪಡವಲ, ಕೊನೆಗೆ ಕಲ್ಲಂಗಡಿ.

ಹೋದ ತಿಂಗಳು ಚಿಕ್ಕಮ್ಮ ಬಂದ ದಿನ ಕೊತ್ತಂಬರಿ ಕುಟುಂಬದ ಸರದಿ. ಸಬ್ಬಸಿಗೆ ಸೊಪ್ಪಿನ ಅಕ್ಕಿ ರೊಟ್ಟಿ, ಕ್ಯಾರೆಟ್ ಪಲ್ಯ, ಓಮದ ತಂಬುಳಿ. ಒಗ್ಗರಣೆಗೆ ಜೀರಿಗೆ, ಇಂಗು. ಸಾಸಿವೆ ಇಲ್ಲ, ಅದು ಮೂಲಂಗಿ, ಎಲೆಕೋಸಿನ ಮನೆಯದು. ಮೆಣಸಿನಕಾಯಿಯೂ ಇಲ್ಲ. ಎರಡು ತುತ್ತು ತಿಂದ ಚಿಕ್ಕಮ್ಮ, "ಹೊಟ್ಟೆ ಸರಿ ಇಲ್ವೇನೇ? ಬಾಣಂತಿ ಊಟದ ಹಾಗಿದೆಯಲ್ಲ" ಅಂದರು.

ನನಗೆ ಸಿಟ್ಟೇ ಬಂತು. ಕಾಯಿಲೆ ಬಂದರೆ ಮಾತ್ರ ತಟ್ಟೆಯಲ್ಲಿ ಏನಿದೆ ಅಂತ ನೋಡಬೇಕಾ? ಇವೆಲ್ಲ ನೆಂಟರು ಅಂತ ಹೇಗೆ ಗೊತ್ತಾಯಿತು ಅಂತ ಒಬ್ಬರಾದರೂ ಕೇಳಬಾರದಾ?

ಕೇಳದಿದ್ದರೂ ಹೇಳುತ್ತೇನೆ. ಕುಂಡದ ಕೊತ್ತಂಬರಿಯನ್ನು ಕೀಳದೆ ಹೂ ಬಿಡುವವರೆಗೆ ಕಾಯಿರಿ. ತುದಿಯಲ್ಲಿ ಒಂದೇ ಜಾಗದಿಂದ ಕಡ್ಡಿಗಳು ಹೊರಟು ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಸಬ್ಬಸಿಗೆಗೂ ಅದೇ ಕೊಡೆ, ಬಣ್ಣ ಮಾತ್ರ ಹಳದಿ. ಜೀರಿಗೆ, ಸೋಂಪು, ಓಮ, ಕ್ಯಾರೆಟ್, ಇಂಗಿನ ಗಿಡ, ಎಲ್ಲಕ್ಕೂ ಕೊಡೆಯೇ. ರಾಬರ್ಟ್ ಮಾರಿಸನ್ ಎಂಬ ಸಸ್ಯಶಾಸ್ತ್ರಜ್ಞ 1672ರಲ್ಲೇ ಈ ಒಂದು ಕುಟುಂಬಕ್ಕಾಗಿ ಇಡೀ ಪುಸ್ತಕ ಬರೆದಿದ್ದ. ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ವಿಷವೂ ಇದೇ ಮನೆಯದು. ಹಾಗಾಗಿ ಕ್ಯಾರೆಟ್ ಎಲೆಯಂಥದ್ದು ಎಲ್ಲೋ ಬೆಳೆದಿದೆ ಅಂತ ಸುಮ್ನೆ ಕಿತ್ತು ಬಾಯಿಗೆ ಹಾಕಬೇಡಿ.

ಇನ್ನು ಮಸಾಲೆ ಡಬ್ಬಿ ನೋಡಿ. ಕೊತ್ತಂಬರಿ ಬೀಜ, ಜೀರಿಗೆ ಅನ್ನುತ್ತೇವಲ್ಲ, ಅವು ಬೀಜವಲ್ಲ, ಒಣಗಿದ ಕಾಯಿ. ಎರಡು ಹೋಳು ಅಂಟಿಕೊಂಡು ಒಂದು ಕಾಯಿ. ಒಳಗೆ ಎಣ್ಣೆ ತುಂಬಿದ ಸಣ್ಣ ಸಣ್ಣ ನಾಳಗಳಿವೆ. ಹುರಿದಾಗ ಬೀದಿಯವರೆಗೂ ಹೋಗುವ ಘಮ ಆ ಎಣ್ಣೆಯದು.

ಇಷ್ಟನ್ನೂ ಚಿಕ್ಕಮ್ಮನಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ. ಅವರು ರೊಟ್ಟಿ ಮುರಿಯುತ್ತಾ, "ಕೊತ್ತಂಬರಿ ಬಿತ್ತೋ ಮುಂಚೆ ನಿಮ್ಮಜ್ಜಿ ನೆಲಕ್ಕೆ ಉಜ್ಜಿ ಎರಡು ಹೋಳು ಮಾಡ್ತಿದ್ರು" ಅಂದರು. ಆಮೇಲೆ ಕೇಳಿದರು, "ಜೀರಿಗೆನೂ ಹಾಗೇ ಒಡೆಯುತ್ತಾ?"

ಡಬ್ಬಿ ತಂದೆ. ಇಬ್ಬರೂ ಉಗುರಲ್ಲಿ ಜೀರಿಗೆ ಬಿಡಿಸುತ್ತಾ ಕೂತೆವು. ರೊಟ್ಟಿ ಆರಿಹೋಯಿತು.