ಕತ್ತೆ ಸಾಕಿದರೆ ಏನು ಉಪಯೋಗ ಅಂತ ಕೇಳುವವರಿಗೆ

ಏನೂ ಉಪಯೋಗ ಇಲ್ಲ. ನಾವು ಹಾಲು ಮಾರುವುದಿಲ್ಲ. ಬಾಡಿಗೆಗೆ ಕೊಡುವುದಿಲ್ಲ. ಮಳೆ ಬರಲಿ ಅಂತ ಕತ್ತೆಗಳಿಗೆ ಮದುವೆ ಮಾಡಿಸುತ್ತಾರಲ್ಲ, ಅದಕ್ಕೂ ಕಳಿಸುವುದಿಲ್ಲ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮಾಲೂರಿನ ಹತ್ತಿರ, ಬಿಟ್ಟುಹೋದ ಕತ್ತೆಗಳನ್ನು ನೋಡಿಕೊಳ್ಳುವ ಆಶ್ರಯದಲ್ಲಿ ಕೆಲಸ ಅಂದ ಕೂಡಲೇ ಬಸ್ಸಲ್ಲಿ, ಬ್ಯಾಂಕಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಇದೇ ಪ್ರಶ್ನೆ.

ಹೋದ ವರ್ಷ ಬಂಗಾರಪೇಟೆಯಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಕೂತಿದ್ದೆವು. ಎದುರು ಸಾಲಿನಿಂದ ದೊಡ್ಡಪ್ಪ ಜೋರಾಗಿ ಕೇಳಿದರು. "ಏನಮ್ಮಾ, ಡಿಗ್ರಿ ಮಾಡಿ ಕತ್ತೆ ಕಾಯ್ತಿದ್ದೀಯಂತೆ? ಅದರಿಂದ ಏನಮ್ಮಾ ಉಪಯೋಗ?" ಸಾಲಿಗೆ ಸಾಲೇ ನಕ್ಕಿತು. ಓದದ ಮಕ್ಕಳಿಗೆ "ಕತ್ತೆ ಕಾಯೋಕೆ ಹೋಗು" ಅಂತ ಬೈಯುವುದು ನಮ್ಮ ಕಡೆ ಮಾಮೂಲು, ಹಾಗಾಗಿ ನಗು ಬರುವುದು ಸಹಜ. ಅಷ್ಟರಲ್ಲಿ ಪಕ್ಕದಲ್ಲಿದ್ದವರು, "ಸುಮ್ನಿರಿ, ಕತ್ತೆ ಹಾಲು ಲೀಟರ್‌ಗೆ ಸಾವಿರಾರು ರೂಪಾಯಿ ಅಂತೆ, ಯೂಟ್ಯೂಬಲ್ಲಿ ನೋಡಿದೆ" ಅಂದರು. ನಗು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ನಿಮಿಷದಲ್ಲಿ ನನ್ನ ಕೆಲಸಕ್ಕೆ ಮರ್ಯಾದೆ ಬಂದಿತ್ತು.

ನನಗೆ ಸಿಟ್ಟು ಬಂದದ್ದು ಆ ನಗುವಿಗಲ್ಲ, ಈ ಮರ್ಯಾದೆಗೆ.

"ದೊಡ್ಡಪ್ಪ, ನಾವು ಹಾಲು ಕರೆಯುವುದೇ ಇಲ್ಲ" ಅಂದೆ. ಹೆಣ್ಣು ಕತ್ತೆ ಸುಮಾರು ಹನ್ನೆರಡು ತಿಂಗಳು ಬಸುರಿ ಇರುತ್ತದೆ. ಅದರ ಕೆಚ್ಚಲಲ್ಲಿ ನಿಲ್ಲುವುದೇ ಸ್ವಲ್ಪ ಹಾಲು. ಅದು ಮರಿಗೆ ಬೇಕು. ಈಗಲೂ ಬೆಳಿಗ್ಗೆ ಅಜ್ಜಿಯರು ಒಳಲೆ ಹಿಡಿದು ಬರುತ್ತಾರೆ, ಮೊಮ್ಮಗುವಿಗೆ ಕೆಮ್ಮು ಅಂತ. ಅವರ ಮೇಲೆ ನನಗೆ ಕೋಪ ಇಲ್ಲ. ಕೂರಿಸಿ ಹೇಳುತ್ತೇನೆ: ಆರು ತಿಂಗಳ ತನಕ ಮಗುವಿಗೆ ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ಕಾಯಿಸದ ಹಾಲಂತೂ ಬೇಡವೇ ಬೇಡ, ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗಿ.

ಉಪಯೋಗ ಅನ್ನುವ ಮಾತೇ ನನಗೆ ಆಗುವುದಿಲ್ಲ. ಉಪಯೋಗ ಮುಗಿದ ಮೇಲೆ ತಾನೇ ಇವು ನಮ್ಮ ಹತ್ತಿರ ಬರುವುದು? ಇಟ್ಟಿಗೆ ಗೂಡಿನಲ್ಲಿ, ಮರಳು ಹೊರುವುದರಲ್ಲಿ ಸವೆದು ಬಂದಿರುತ್ತವೆ. ಹೊರೆ ಹೊರುವ ಪ್ರಾಣಿಗಳಿಗೆ ಹಿಂಸೆ ಆಗದಿರಲಿ ಅಂತ ಮಾಡಿದ 1965ರ ನಿಯಮದ ಪ್ರಕಾರ ಕತ್ತೆ ಮೇಲೆ 50 ಕೆಜಿಗಿಂತ ಜಾಸ್ತಿ ಹೇರುವ ಹಾಗಿಲ್ಲ. ಒಂದು ಇಟ್ಟಿಗೆ ಸುಮಾರು ಮೂರು ಕೆಜಿ. ಲೆಕ್ಕ ನೀವೇ ಹಾಕಿ. ಬೆನ್ನ ಮೇಲೆ ಅಂಗೈ ಅಗಲದ ಹುಣ್ಣು, ಅದರಲ್ಲಿ ಹುಳ. ಕೆಲವಕ್ಕೆ ಮೂಗಿನ ಹೊಳ್ಳೆ ಸೀಳಿರುತ್ತಾರೆ, ಉಸಿರಾಟ ಸಲೀಸಾಗುತ್ತೆ ಅಂತ. ಆಗುವುದಿಲ್ಲ, ಬರೀ ನೋವು.

ಎಲ್ಲ ಮಾಲೀಕರೂ ಕೆಟ್ಟವರು ಅಂತಲ್ಲ. ಬಟ್ಟೆ ಒಗೆಯುವ ಒಬ್ಬ ತಾತ ತನ್ನ ಕತ್ತೆಯನ್ನು ತಾನೇ ನಡೆಸಿಕೊಂಡು ಬಂದು ಬಿಟ್ಟರು. ಮನೆಮನೆಗೆ ವಾಷಿಂಗ್ ಮಷೀನ್ ಬಂದಿದೆ, ಉಳಿದ ಗಂಟು ಮಗನ ಗಾಡಿಯಲ್ಲಿ ಹೋಗುತ್ತದೆ. "ಮಾರಿದರೆ ಎಲ್ಲಿಗೆ ಹೋಗುತ್ತೋ ಏನೋ ಕಣಮ್ಮ" ಅಂದರು. ಗೇಟಿನ ಆಚೆ ನಿಂತು ತುಂಬ ಹೊತ್ತು ನೋಡುತ್ತಿದ್ದರು. ತಾತನ ಭಯ ಸುಳ್ಳಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ಕ್ಕೆ ಉಳಿದದ್ದು ಸುಮಾರು 1.2 ಲಕ್ಷ. ಆಟೋ, ಟ್ರ್ಯಾಕ್ಟರ್ ಬಂದದ್ದು ಒಂದು ಕಾರಣ. ಪಕ್ಕದ ಆಂಧ್ರದಲ್ಲಿ ಶಕ್ತಿ ಬರುತ್ತೆ ಅಂತ ಕದ್ದು ಕಡಿದು ಮಾಂಸ ಮಾರುತ್ತಾರೆ. ಚೀನಾದಲ್ಲಿ ಕತ್ತೆ ಚರ್ಮ ಕುದಿಸಿ ಎಜಿಯಾವೊ ಅನ್ನುವ ಔಷಧಿ ಮಾಡುತ್ತಾರೆ. ಆ ಚರ್ಮದ ವ್ಯಾಪಾರ ತಡೆಯಲು 2024ರ ಫೆಬ್ರವರಿಯಲ್ಲಿ ಆಫ್ರಿಕಾದ ದೇಶಗಳೆಲ್ಲ ಸೇರಿ ತೀರ್ಮಾನ ಮಾಡಬೇಕಾಯಿತು. ನೋಡಿ, ಉಪಯೋಗ ಬೇಕಾದಷ್ಟಿದೆ. ಕತ್ತೆಗಲ್ಲ, ಅಷ್ಟೇ.

ದಿನಾ ಏನು ಮಾಡುತ್ತೀರಿ ಅಂತ ಕೇಳಿದರೆ ಖುಷಿಯಿಂದ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಮೊದಲು ನೀರಿನ ತೊಟ್ಟಿ ತೊಳೆಯುವುದು, ಯಾಕೆಂದರೆ ಕೊಳಕು ನೀರಿಗೆ ಕತ್ತೆ ಬಾಯಿ ಇಡುವುದಿಲ್ಲ. ಆಮೇಲೆ ಒಣ ಹುಲ್ಲು. ಹಿಂಡಿ ಬೂಸಾ ಜಾಸ್ತಿ ಹಾಕಿದರೆ ಕುತ್ತಿಗೆ ಮೇಲೆ ಕೊಬ್ಬು ಕೂತು ಗೊರಸು ಕೆಡುತ್ತದೆ. ಗೊರಸನ್ನು ದಿನಾ ಕೆರೆದು ನೋಡಬೇಕು, ಎರಡು ತಿಂಗಳಿಗೊಮ್ಮೆ ಕತ್ತರಿಸಬೇಕು. ಇವುಗಳ ಮೂಲ ಆಫ್ರಿಕಾದ ಒಣ ನೆಲ. ಕುದುರೆಯ ಮೈಯಂತೆ ಕತ್ತೆ ಮೈ ಮಳೆ ತಡೆಯುವುದಿಲ್ಲ, ಬೇಗ ನೆನೆದು ನಡುಗುತ್ತದೆ. ಅದಕ್ಕೇ ಸೂರು ಬೇಕೇ ಬೇಕು.

ಆದರೆ ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾವುದಕ್ಕೆ ಯಾವುದು ಜೊತೆ?

ಕತ್ತೆಗಳು ಜೋಡಿ ಮಾಡಿಕೊಳ್ಳುತ್ತವೆ. ಗಂಡು ಹೆಣ್ಣೇ ಆಗಬೇಕು ಅಂತಿಲ್ಲ. ಒಟ್ಟಿಗೆ ಮೇಯುತ್ತವೆ, ಒಂದರ ಕುತ್ತಿಗೆಯನ್ನು ಇನ್ನೊಂದು ಕೆರೆಯುತ್ತದೆ. ನಾನು ಸೇರಿದ ಹೊಸದರಲ್ಲಿ ಕೆಂಚಿ ಅನ್ನುವವಳು ರಾತ್ರಿ ಸತ್ತಳು. ಬೆಳಗಾಗುವ ಮುಂಚೆ ಹೂತುಬಿಟ್ಟೆವು. ಅವಳ ಜೊತೆಗಾರ ಬೋರ ಎದ್ದು ಹುಡುಕಿದ. ಬೇಲಿ ಉದ್ದಕ್ಕೂ ಓಡಿದ, ಕೂಗಿದ. ಮೇವು ಬಿಟ್ಟ. ಕತ್ತೆ ಮೇವು ಬಿಟ್ಟರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ಸೇರುತ್ತದೆ, ಲಿವರ್ ಕೆಡುತ್ತದೆ. ಡಾಕ್ಟರು ಡ್ರಿಪ್ ಹಾಕಿದರು. ಐದನೇ ದಿನ ಬೋರನೂ ಹೋದ. ಅದು ನಮ್ಮ ತಪ್ಪು. ಸತ್ತ ಜೊತೆಯನ್ನು ನೋಡಲು, ಮೂಸಲು ಬಿಡಬೇಕು ಅಂತ ಆಮೇಲೆ ಕಲಿತೆವು.

ಈ ಕಾರ್ತಿಕದಲ್ಲಿ ಲಚ್ಚಿ ಸತ್ತಾಗ ದಾಸನನ್ನು ಅವಳ ಪಕ್ಕದಲ್ಲೇ ಬಿಟ್ಟೆವು. ಮೂಸಿದ. ಕಾಲಿಂದ ಕೆರೆದ. ಎದ್ದೇಳು ಅನ್ನುವ ಹಾಗೆ ಅವಳ ಜುಟ್ಟು ಕಚ್ಚಿ ಎಳೆದ. ಬಿಸಿಲು ಏರುವವರೆಗೂ ಹಾಗೇ ನಿಂತಿದ್ದ. ಮಧ್ಯಾಹ್ನ ತಾನೇ ತಿರುಗಿ ನೀರಿನ ತೊಟ್ಟಿಗೆ ಹೋದ. ಸಂಜೆ ನಾಲ್ಕು ಕಡ್ಡಿ ಹುಲ್ಲು ತಿಂದ.

ಈಗ ಅವನು ಆ ತಾತ ಬಿಟ್ಟುಹೋದ ಮುದಿ ಕತ್ತೆಯ ಪಕ್ಕ ನಿಲ್ಲುತ್ತಾನೆ. ಇನ್ನೂ ಒಂದು ಮೊಳ ದೂರ.