ಪ್ರಸಿದ್ಧ ಅನಿಮೆ ಹಾಡುಗಳ ಆಚೆ ಏನಿದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸರಣಿ ಮತ್ತು ಚಿತ್ರಗಳ ಹಾಡುಗಳನ್ನು ಹುಡುಕಿ ಹುಡುಕಿ ಕೇಳುತ್ತೇನೆ ಎಂದು ಗೊತ್ತಾದವರೆಲ್ಲ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: “ನರುಟೊ, ಅಟ್ಯಾಕ್ ಆನ್ ಟೈಟನ್, ಡೀಮನ್ ಸ್ಲೇಯರ್ ಹಾಡುಗಳು ನಮಗೂ ಗೊತ್ತು. ಅವನ್ನು ಬಿಟ್ಟು ಬೇರೆ ಏನಿದೆ, ಹೇಳಿ.” ಬೇಕಾದಷ್ಟಿದೆ. ಆದರೆ ಹೆಸರುಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಒಳ್ಳೆಯ ಹಾಡು ಎಲ್ಲಿ ಅಡಗಿರುತ್ತದೆ ಎಂಬುದು ತಿಳಿದರೆ ಮುಂದಿನದನ್ನು ನೀವೇ ಹುಡುಕಿಕೊಳ್ಳುತ್ತೀರಿ.

ಟಿವಿ ಅನಿಮೆಯ ಶೀರ್ಷಿಕೆ ಗೀತೆಗೆ ಸಿಗುವುದು ಸುಮಾರು ಒಂದೂವರೆ ನಿಮಿಷ. ಆದರೂ 1983ರಲ್ಲಿ ‘ಕ್ಯಾಟ್ಸ್ ಐ’ ಎಂಬ ಅನಿಮೆಗೆ ಗಾಯಕಿ ಆನ್ರಿ ಹಾಡಿದ ಅದೇ ಹೆಸರಿನ ಶೀರ್ಷಿಕೆ ಗೀತೆ ಜಪಾನಿನ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಶೀರ್ಷಿಕೆ ಗೀತೆಯಿಂದ ಗಾಯಕರನ್ನು ಮನೆಮನೆಗೆ ಮುಟ್ಟಿಸಬಹುದು ಎಂಬುದು ಧ್ವನಿಮುದ್ರಣ ಕಂಪನಿಗಳಿಗೆ ಗೊತ್ತಾಯಿತು. ಹೀಗೆ ಬಂದವುಗಳಲ್ಲಿ ಒಳ್ಳೆಯ ಹಾಡುಗಳೂ ಇವೆ. ಕಥೆಯ ಹಂಗಿಲ್ಲದೆ ಅವು ಎಲ್ಲಿ ಬೇಕಾದರೂ ಸಲ್ಲುತ್ತವೆ, ಹಾಗಾಗಿಯೇ ಎಲ್ಲರಿಗೂ ತಲುಪಿವೆ. ನನ್ನ ಪ್ರೀತಿ ಇರುವುದು ಇನ್ನೊಂದು ಬಗೆಯ ಹಾಡುಗಳ ಮೇಲೆ. ಅವುಗಳನ್ನು ಬರೆದವರು ಕವಿಗಳು, ನಾಟಕದವರು, ಶಾಸ್ತ್ರೀಯ ಸಂಗೀತದವರು. ಅವರು ಅನಿಮೆ ಲೋಕಕ್ಕೆ ಹೊರಗಿನಿಂದ ಬಂದು, ಆ ಒಂದು ಕಥೆಗೆಂದೇ ಹಾಡು ಕಟ್ಟಿದರು.

ಮೊದಲು ಕೇಳಬೇಕಾದದ್ದು ‘ಕಿಕೊಎರು ಕಾಶಿರಾ’. ಕೆನಡಾದ ಎಲ್. ಎಂ. ಮಾಂಟ್ಗೊಮರಿ ಅವರ ಕಾದಂಬರಿಯನ್ನು ಆಧರಿಸಿ ಇಸಾಓ ತಕಾಹತಾ 1979ರಲ್ಲಿ ನಿರ್ದೇಶಿಸಿದ ಐವತ್ತು ಕಂತುಗಳ ‘ಆಕಾಗೆ ನೊ ಆನ್’ ಸರಣಿಯ ಶೀರ್ಷಿಕೆ ಗೀತೆ ಇದು. ರಾಗ ಸಂಯೋಜಿಸಿದವರು ಅಕಿರಾ ಮಿಯೋಶಿ. 1950ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಓದಿ ಬಂದು, ವಾದ್ಯವೃಂದಕ್ಕೂ ಸಮೂಹ ಗಾಯನಕ್ಕೂ ಗಂಭೀರ ಕೃತಿಗಳನ್ನು ಬರೆದ ಸಂಗೀತಗಾರರು. ಸಾಹಿತ್ಯ ಕವಯಿತ್ರಿ ಎರಿಕೊ ಕಿಶಿದಾ ಅವರದು, ಹಾಡಿದವರು ರಿತ್ಸುಕೊ ಓವಾದಾ. ಮಕ್ಕಳ ಕಾರ್ಯಕ್ರಮ, ಸುಲಭವಾಗಿ ಗುನುಗುವಂಥದ್ದು ಸಾಕು ಎಂದು ಇವರು ಯಾರೂ ಕೈಬಿಟ್ಟಿಲ್ಲ. ದನಿಯ ಹಿಂದೆ ವಾದ್ಯಗಳು ಬರಿಯ ಜೊತೆ ಕೊಡುತ್ತಾ ಕೂರುವುದಿಲ್ಲ. ಅವು ತಮ್ಮದೇ ಮಾತನ್ನು ಹೇಳುತ್ತವೆ, ನಡುವೆ ಎಲ್ಲಿಂದಲೋ ನುಗ್ಗಿ ಬಂದು ಹಾಡನ್ನು ಎತ್ತಿಕೊಂಡು ಹೋಗುತ್ತವೆ.

ಸಾಹಿತ್ಯದ ತಿರುಳು ಇಷ್ಟೇ: ಗೊರಸಿನ ಸದ್ದು ಕೇಳಿಸುತ್ತಿದೆಯೇ, ಯಾರೋ ನನ್ನನ್ನು ಕರೆದೊಯ್ಯಲು ಬರುತ್ತಿದ್ದಾರೆ, ಬಿಳಿಯ ಹೂವಿನ ಹಾದಿಗೆ ಗಾಳಿಯಂತೆ ಕರೆದೊಯ್ಯುತ್ತಾರೆ. ಕಥೆ ಬಲ್ಲವರಿಗೆ ಇದು ತಟ್ಟನೆ ಹೊಳೆಯುತ್ತದೆ. ಅನಾಥ ಹುಡುಗಿ ಆನ್ ರೈಲು ನಿಲ್ದಾಣದಲ್ಲಿ ಕುಳಿತು, ತನ್ನನ್ನು ಸಾಕಿಕೊಳ್ಳುವವರು ಬರಲಿ ಎಂದು ಕಾಯುತ್ತಾಳೆ. ಮುದುಕ ಮ್ಯಾಥ್ಯೂ ಕುದುರೆಗಾಡಿಯಲ್ಲಿ ಬರುತ್ತಾನೆ. ಅವನ ಮನೆಯವರು ಬಯಸಿದ್ದು ಗಂಡುಹುಡುಗನನ್ನು ಎಂಬುದು ಅವಳಿಗೆ ಗೊತ್ತಿಲ್ಲ. ಆ ಗಾಡಿ ಸೇಬಿನ ಮರಗಳು ಹೂಬಿಟ್ಟ ಹಾದಿಯಲ್ಲಿ ಸಾಗುವಾಗ ಅವಳ ಬಾಯಿಂದ ಮಾತೇ ಹೊರಡುವುದಿಲ್ಲ. ಇಡೀ ಹಾಡು ಆ ಒಂದು ಪ್ರಯಾಣದ ಹಾಡು. ಪ್ರತಿ ವಾರ, ಅವಳು ಬೆಳೆದು ದೊಡ್ಡವಳಾದ ಮೇಲೂ, ಅದೇ ಹಾಡು ಬರುತ್ತದೆ. ಕೊನೆಯ ಕಂತುಗಳ ಹೊತ್ತಿಗೆ ಮ್ಯಾಥ್ಯೂ ಇರುವುದಿಲ್ಲ. ಅದೇ ಗೊರಸಿನ ಸದ್ದನ್ನು ಆಗ ಕೇಳುವುದು ಬೇರೆಯೇ ಅನುಭವ. ಇದಕ್ಕಿಂತ ಚೆನ್ನಾಗಿ ತನ್ನ ಕಥೆಯನ್ನು ಹೊತ್ತ ಶೀರ್ಷಿಕೆ ಗೀತೆಯನ್ನು ನಾನು ಕೇಳಿಲ್ಲ.

ಇದರ ನಂತರ ತೀರಾ ಬೇರೆ ದಿಕ್ಕಿಗೆ ಹೋಗಿ. ಜಪಾನಿನ ಪ್ರಯೋಗಶೀಲ ರಂಗಭೂಮಿಯಲ್ಲಿ ಶೂಜಿ ತೆರಾಯಾಮಾ ಬಹಳ ದೊಡ್ಡ ಹೆಸರು. ಬಾಕ್ಸಿಂಗ್ ಕಥೆ ‘ಆಶಿತಾ ನೊ ಜೋ’ದ ಒಂದು ಪಾತ್ರ ಸತ್ತಾಗ, 1970ರಲ್ಲಿ ನಿಜವಾದ ಅಂತಿಮ ನಮನದ ಸಭೆಯನ್ನೇ ನಡೆಸಿದವರು. ಅದೇ ವರ್ಷ ಬಂದ ಆ ಕಥೆಯ ಅನಿಮೆಗೆ ಶೀರ್ಷಿಕೆ ಗೀತೆಯ ಸಾಹಿತ್ಯವೂ ಅವರದೇ. ಅವರ ‘ತೆಂಜೋ ಸಾಜಿಕಿ’ ತಂಡಕ್ಕೆ ಸಂಗೀತ ಕೊಡುತ್ತಿದ್ದವರು ಜೆ. ಎ. ಸೀಸರ್. ತೆರಾಯಾಮಾ 1983ರಲ್ಲಿ ತೀರಿಕೊಂಡರು. ಮುಂದೆ 1997ರಲ್ಲಿ ನಿರ್ದೇಶಕ ಕುನಿಹಿಕೊ ಇಕುಹಾರಾ ‘ಶೋಜೊ ಕಾಕುಮೆಯ್ ಉತೆನಾ’ ಮಾಡುವಾಗ ಸೀಸರ್ ಅವರ ಹಾಡುಗಳನ್ನು ತಂದು ಕತ್ತಿಕಾಳಗದ ದೃಶ್ಯಗಳಿಗೆ ಇಟ್ಟರು.

ಉತೆನಾ ಶಾಲಾ ಹುಡುಗಿ. ದ್ವಂದ್ವಯುದ್ಧಕ್ಕೆಂದು ಸುರುಳಿ ಮೆಟ್ಟಿಲನ್ನು ಹತ್ತುವಾಗಲೆಲ್ಲ ‘ಜೆತ್ತಾಯಿ ಉನ್ಮೆಯ್ ಮೊಕುಶಿರೊಕು’ ಎಂಬ ಸಮೂಹ ಗಾನ ಮೊಳಗುತ್ತದೆ. ಅದರಲ್ಲಿ ಪ್ರೇಮವಿಲ್ಲ, ಶೌರ್ಯದ ಘೋಷಣೆಯಿಲ್ಲ. ಜನನ ನೋಂದಣಿ, ದೀಕ್ಷಾಸ್ನಾನದ ಹೆಸರುಪಟ್ಟಿ, ಮರಣ ನೋಂದಣಿ ಎಂದು ಕಚೇರಿಯ ಕಡತದ ಪದಗಳನ್ನು ಸಮೂಹ ಒಂದೇ ಲಯದಲ್ಲಿ ಒಪ್ಪಿಸುತ್ತದೆ, ಕೆಳಗೆ ರಾಕ್ ಗಿಟಾರ್ ಗುಡುಗುತ್ತದೆ. ಮನುಷ್ಯನ ಬಾಳು ಮೂರು ದಾಖಲೆಗಳಲ್ಲಿ ಮುಗಿಯುತ್ತದೆ ಎಂದು ಹಾಡು ಸಾರುತ್ತಿದ್ದರೆ, ಅದಕ್ಕೆ ತಲೆಬಾಗದ ಹುಡುಗಿ ಮೇಲೇರುತ್ತಿರುತ್ತಾಳೆ. ಮೊದಲ ಸಲ ಕೇಳಿದವರಿಗೆ ಇದು ಒರಟಾಗಿ ತೋರಬಹುದು. ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ಮುಂದೆ ಪ್ರತಿ ಕಾಳಗಕ್ಕೂ ಬೇರೆ ಬೇರೆ ಸಮೂಹ ಗಾನಗಳು ಬರುತ್ತವೆ.

ಮೆಲುದನಿಯೇ ಬೇಕೆನ್ನುವವರಿಗೆ 2005ರ ‘ಮುಶಿಶಿ’ ಇದೆ. ಜಪಾನಿನ ಹಳೆಯ ಹಳ್ಳಿಗಾಡಿನಲ್ಲಿ ನಡೆಯುವ ಕಥೆಗೆ ಸ್ಕಾಟ್ಲೆಂಡಿನ ಆಲಿ ಕೆರ್ ಅವರ ಇಂಗ್ಲಿಷ್ ಹಾಡು ‘ದ ಸೋರ್ ಫೀಟ್ ಸಾಂಗ್’. ನಾಯಕ ಗಿಂಕೊ ಒಂದೇ ಊರಿನಲ್ಲಿ ನೆಲೆ ನಿಲ್ಲಲಾರದವನು. ಸಾವಿರಾರು ಮೈಲಿ ನಡೆದೆ ಎನ್ನುವ ಹಾಡು ಅವನಿಗೆ ಹೇಳಿ ಬರೆಸಿದಂತಿದೆ. ಇನ್ನೂ ಹೆಚ್ಚಿನ ಮಾತು ಇದರ ಮುಕ್ತಾಯದ ಬಗ್ಗೆ ಹೇಳಬೇಕು. ತೊಶಿಯೊ ಮಾಸುದಾ ಪ್ರತಿಯೊಂದು ಕಂತಿನ ಕೊನೆಗೂ ಬೇರೆಯೇ ಸಂಗೀತ ಕೊಟ್ಟಿದ್ದಾರೆ. ಅನಿಮೆ ತೋರಿಸುವ ಈಗಿನ ಆ್ಯಪ್‌ಗಳು ಕೊನೆಗೆ ಕಲಾವಿದರ ಹೆಸರುಗಳು ಬರುತ್ತಿದ್ದಂತೆ ಮುಂದಿನ ಕಂತಿಗೆ ಜಿಗಿಯುತ್ತವೆ. ಆ ಸೌಲಭ್ಯವನ್ನು ಮೊದಲು ಆಫ್ ಮಾಡಿ. ಕೊನೆಯ ಹಾಡುಗಳು ಯಾರಿಗೂ ಗೊತ್ತಿಲ್ಲದೆ ಉಳಿಯುವುದೇ ಇದರಿಂದ. ‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’ (1998) ನೋಡಿ: ಅದರ ಶೀರ್ಷಿಕೆ ಗೀತೆ ‘ಡುವೆ’ ಇಂದು ಎಲ್ಲರ ಮೊಬೈಲಿನಲ್ಲಿದೆ. ಕೊನೆಯಲ್ಲಿ ರೆಯ್ಚಿ ನಕಾಯಿದೋ ಹಾಡುವ ‘ತೋಯಿ ಸಾಕೆಬಿ’ಯ ಸುದ್ದಿಯನ್ನು ಎತ್ತುವವರೇ ಇಲ್ಲ.

2007ರ ‘ಮೊನೊನೊಕೆ’ಯ ಹಾಡನ್ನೂ ಬಿಡಬೇಡಿ. ಜಪಾನಿನ ಎದೊ ಕಾಲದ (17ರಿಂದ 19ನೇ ಶತಮಾನ) ಮರದಚ್ಚಿನ ಚಿತ್ರಗಳಂತೆ ಕಾಣುವ ಭೂತಪ್ರೇತಗಳ ಕಥೆಗೆ ಅರ್ಜೆಂಟೀನಾದ ಟ್ಯಾಂಗೊ! ತಿದಿಯೊತ್ತಿ ನುಡಿಸುವ ಬ್ಯಾಂಡೋನಿಯನ್ ವಾದ್ಯದಲ್ಲಿ ರ್‍ಯೋತಾ ಕೊಮಾತ್ಸು, ಹಾಡಿದವರು ಚಾರ್ಲಿ ಕೋಸೆ.

ನಮ್ಮ ಪಾಲಿನದೂ ಒಂದಿದೆ. ಯೂಗೊ ಸಾಕೊ ಅವರ ಮುಂದಾಳತ್ವದಲ್ಲಿ ಜಪಾನ್ ಮತ್ತು ಭಾರತದ ಕಲಾವಿದರು ಕೂಡಿ ಮಾಡಿದ ‘ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಚಿತ್ರವನ್ನು ಟಿವಿಯಲ್ಲಿ ನೋಡಿದವರು ನಮ್ಮಲ್ಲಿ ಬಹಳ ಮಂದಿ. ಅದಕ್ಕೆ ಸಂಗೀತ ಕೊಟ್ಟವರು ವನರಾಜ್ ಭಾಟಿಯಾ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು. ಇವರೂ 1950ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿತವರು. ಶ್ಯಾಮ್ ಬೆನೆಗಲ್ ಅವರ ‘ಅಂಕುರ್’, ‘ಭೂಮಿಕಾ’ ಚಿತ್ರಗಳ ಸಂಗೀತ ಇವರದೇ. ನಮ್ಮ ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯನ್ನು ಆಪೆರಾ ಆಗಿಸಿದವರೂ ಇವರೇ. 2025ರ ಜನವರಿಯಲ್ಲಿ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಜನ ಬಣ್ಣಗಳನ್ನು ಹೊಗಳಿದರು, ಸಂಗೀತದ ಮಾತು ನನ್ನ ಕಿವಿಗೆ ಬೀಳಲಿಲ್ಲ. ಹಳೆಯ ಇಂಗ್ಲಿಷ್ ಆವೃತ್ತಿಯಲ್ಲಿ ಮಾತು ಇಂಗ್ಲಿಷ್, ಹಾಡು ಸಂಸ್ಕೃತ. ಅನಿಮೆಯ ಹಾಡೊಂದನ್ನು ಅನುವಾದದ ಸಾಲುಗಳ ನೆರವಿಲ್ಲದೆ ಅಷ್ಟಿಷ್ಟು ಹಿಡಿಯುವ ಭಾಗ್ಯ ಕನ್ನಡಿಗರಿಗೆ ಇಲ್ಲಿದೆ. ಹಿಂದಿ ಆವೃತ್ತಿಯಲ್ಲಿ ಹಾಡುಗಳೂ ಹಿಂದಿಗೆ ಬದಲಾಗಿವೆ. ಆದ್ದರಿಂದ ಹುಡುಕುವಾಗ ಇಂಗ್ಲಿಷ್ ಆವೃತ್ತಿಯನ್ನೇ ಹುಡುಕಿ.