ಮೋಗ್ಲಿಂಗ್ ಮತ್ತು ಕಲ್ಲಚ್ಚು
ಜರ್ಮನಿಯ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಅವರು ಹೊರತಂದ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನ ಕೂಸು. ಒತ್ತಕ್ಷರ, ಗುಣಿತಗಳ ಕನ್ನಡಕ್ಕೆ ಅಚ್ಚಿನ ಮೊಳೆ ಎರಕ ಹೊಯ್ಯುವುದು ಆಗ ದುಬಾರಿಯಾಗಿತ್ತು. ಕಲ್ಲಚ್ಚಿಗೆ ಒಳ್ಳೆಯ ಕೈಬರಹವಿದ್ದರೆ ಸಾಕು. ಜಿಡ್ಡಿನ ಶಾಯಿಯ ಬರಹವನ್ನು ನುಣುಪಾದ ಸುಣ್ಣಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆ ಹಾಯಿಸಬೇಕು. ಒದ್ದೆ ಭಾಗ ಶಾಯಿ ಹಿಡಿಯದು, ಅಕ್ಷರ ಹಿಡಿಯುತ್ತದೆ. ಕಲ್ಲು ಒಣಗಿತೋ, ಪುಟವೆಲ್ಲ ಮಸಿ! ಪ್ರತಿ ಹಾಳೆಗೂ ಮತ್ತೆ ನೀರು, ಮತ್ತೆ ಶಾಯಿ.

ಮುಂದೆ ಕೊಡಗಿಗೆ ಹೋದ ಮೋಗ್ಲಿಂಗ್, ಜಮ್ಮದೊಡೆಯರ (ವಂಶಪಾರಂಪರ್ಯವಾಗಿ ಭೂಮಿ ಹೊಂದಿದವರ) ಜೀತದಲ್ಲಿ ನಲುಗಿದ್ದ ಹೊಲೆಯ ಕುಟುಂಬಗಳಿಗೆ ಆನಂದಪುರದಲ್ಲಿ ನೆಲೆ ಕಟ್ಟಿಕೊಟ್ಟರು. ಪತ್ರಿಕೆಯಷ್ಟೇ ದೊಡ್ಡದಾದ ಈ ಕೆಲಸವನ್ನು ನಾವು ನೆನೆಯುವುದು ತೀರಾ ಕಡಿಮೆ. 1860ರಲ್ಲಿ ಅವರು ಜರ್ಮನಿಗೆ ಮರಳಿದರು.